ಹೊಲಮನೆಯ ದಾರಿಗೆ ನಿಸ್ತಂತು ಕಾವಲು

ಸುಗ್ಗಿಯ ಕಾಲ. ಹಾನಗಲ್ಲು ಅಥವಾ ಹಿರೇಕೆರೂರು ತಾಲ್ಲೂಕಿನ ಯಾವುದಾದರೊಂದು ಹೊಲಮನೆಯ ಅಂಗಳವನ್ನು ವಾಚಕರು ಕಣ್ಮುಂದೆ ತಂದುಕೊಳ್ಳಲಿ. ಅಂಗಳದ ತುಂಬ ಮೆಕ್ಕೆಜೋಳವನ್ನು ಹರವಿದೆ. ಒಂದು ಮಗ್ಗುಲಲ್ಲಿ ಕಾಳು ಬಿಡಿಸುವ ಯಂತ್ರವು ಆರ್ಭಟಿಸುತ್ತಿದೆ. ರಾಶಿಯ ಬಳಿ ಮಕ್ಕಳು ಆಡುತ್ತಿವೆ. ಕಿವಿ ಮಂದವಾದ ಅಜ್ಜಿಯೊಬ್ಬಳು ಕೋಳಿಗಳನ್ನು ಅಟ್ಟುತ್ತ ಕುಳಿತಿದ್ದಾಳೆ. ಅಷ್ಟರಲ್ಲಿ ಟ್ರ್ಯಾಕ್ಟರೊಂದು ಹಿಂದೆ ಟ್ರೇಲರನ್ನು ಕಟ್ಟಿಕೊಂಡು, ಊರ ರಸ್ತೆಯಿಂದ ಹೊರಳಿ, ಬೇಲಿಗಳ ನಡುವಿನ ಕಿರುದಾರಿಯಲ್ಲಿ ಮನೆಯತ್ತ ಬರುತ್ತದೆ. ಯಂತ್ರದ ಅಬ್ಬರದಲ್ಲಿ ಅದರ ಸದ್ದು ಯಾರಿಗೂ ಕೇಳಿಸದು. ಅಂಗಳದೊಳಗೆ ಹಿಮ್ಮುಖವಾಗಿ ಚಲಿಸುವಾಗ ಟ್ರೇಲರಿನ ಹಿಂದೆ ಯಾರಿದ್ದಾರೆಂಬುದು ಚಾಲಕನಿಗೂ ಕಾಣಿಸದು.

ವಾಹನವು ಕಿರುದಾರಿಯನ್ನು ಹೊಕ್ಕ ಕ್ಷಣದಲ್ಲಿಯೇ ಅಂಗಳದಲ್ಲಿ ಒಂದು ಗಂಟೆ ಬಾರಿಸಿ, ದೀಪವೊಂದು ಹೊತ್ತಿದರೆ, ಮಕ್ಕಳನ್ನು ಜಗಲಿಗೆ ಕರೆದುಕೊಳ್ಳುವಷ್ಟು ಕಾಲ ದೊರೆಯುವುದು. ಇಂಥ ಕಾವಲುಗಾರನನ್ನು ನಿಲ್ಲಿಸುವುದು ಹೇಗೆಂಬುದೇ ಈ ಪಾಠದ ವಿಷಯ. ಇದರ ಬಿಡಿಭಾಗಗಳು ಇಂದು ಸುಲಭವಾಗಿ ದೊರೆಯುತ್ತವೆ. ಸಿದ್ಧವಾದ ಜೋಡಿಗಳೂ ಮಾರಾಟಕ್ಕಿವೆ. ಆದರೆ ಕೊಂಡು ತಂದು ಕಂಬಕ್ಕೆ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಾವಲುಗಾರನ ಕೂಗನ್ನು ಹೇಗೋ ಹಾಗೆ ಅವನ ಮೌನವನ್ನೂ ನಾವು ನಂಬುವಂತಿರಬೇಕು. ಅದು ಹೇಗೆ ಸಾಧ್ಯವಾಗುವುದೆಂಬುದನ್ನು ಮೊದಲಿನಿಂದ ವಿಚಾರಿಸೋಣ.

ವಾಹನವನ್ನು ಯಾವುದರಿಂದ ಗುರುತಿಸಬೇಕು?

ವಾಹನಕ್ಕೆ ಬಿಸಿಯಿದೆ, ಸದ್ದಿದೆ, ತೂಕವಿದೆ, ಕಬ್ಬಿಣವಿದೆ. ಈ ಗುಣಗಳಲ್ಲಿ ಯಾವುದನ್ನು ಹಿಡಿದರೂ ಒಂದು ಸಂವೇದಕವನ್ನು ಮಾಡಬಹುದು. 1928ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಚಾರ್ಲ್ಸ್ ಆಡ್ಲರ್ ಎಂಬಾತನು ಸದ್ದನ್ನೇ ಆಶ್ರಯಿಸಿದನು. ಅವನ ಸಂಚಾರದೀಪವು ಬದಲಾಗಬೇಕಾದರೆ ಚಾಲಕನು ನಿಂತು ಹಾರನ್ನು ಊದಬೇಕಾಗಿತ್ತು. ಸುಗ್ಗಿಯ ಗದ್ದಲದ ನಡುವೆ ಈ ಉಪಾಯವು ನಮಗೆ ಒದಗದು. ಬಿಸಿಯನ್ನು ಗುರುತಿಸುವ ಅವರಕ್ತ ಸಂವೇದಕವು ಇಂದು ಅಗ್ಗವಾಗಿ ಸಿಗುತ್ತದೆ. ಆದರೆ ಅದಕ್ಕೆ ಎಮ್ಮೆಯೂ ಬಿಸಿ, ನಾಯಿಯೂ ಬಿಸಿ. ದನಕರುಗಳು ದಿನಕ್ಕೆ ಎರಡು ಬಾರಿ ನಡೆದಾಡುವ ದಾರಿಯಲ್ಲಿ ಅದು ಎಡೆಬಿಡದೆ ಕೂಗುತ್ತಿರುವುದು. ಇದಲ್ಲದೆ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕಾದ ನೆಲಕ್ಕೂ ಅದರ ಮೇಲೆ ಚಲಿಸುವ ವಸ್ತುವಿಗೂ ಉಷ್ಣತೆಯ ಅಂತರವು ಕಡಿಮೆಯಾಗುವುದರಿಂದ, ಕೂಗಬೇಕಾದಾಗ ಸುಮ್ಮನಿದ್ದುಬಿಡಲೂಬಹುದು.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಸುಂಕದ ಕಟ್ಟೆಯನ್ನು ದಾಟಿದವರು ಇನ್ನೊಂದು ಕ್ರಮವನ್ನು ಬಲ್ಲರು. ವಾಹನದ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಪಟ್ಟಿಯನ್ನು ಯಂತ್ರವು ರೇಡಿಯೊ ಅಲೆಗಳಿಂದ ಓದುತ್ತದೆ. 2021ರ ಫೆಬ್ರವರಿಯಿಂದ ಈ ಪಟ್ಟಿಯು ರಾಷ್ಟ್ರೀಯ ಹೆದ್ದಾರಿಗಳ ಸುಂಕದ ಕಟ್ಟೆಗಳಲ್ಲಿ ಕಡ್ಡಾಯವಾಯಿತು. ಇಂಥ ಕಟ್ಟೆಗಳಲ್ಲಿ ವಾಹನದ ಇರವನ್ನು ತಿಳಿಯಲು ರಸ್ತೆಯೊಳಗೆ ತಂತಿಯ ಸುರುಳಿಯನ್ನು ಹೂಳುವ ವಾಡಿಕೆಯಿದೆ. ಸುರುಳಿಯಲ್ಲಿ ಪರ್ಯಾಯ ವಿದ್ಯುತ್ಪ್ರವಾಹವು ಹರಿಯುತ್ತಿರುವಾಗ ಲೋಹದ ಒಡಲು ಮೇಲೆ ಬಂದರೆ ಸುರುಳಿಯ ಪ್ರೇರಕತೆಯು ಕುಗ್ಗುತ್ತದೆ, ಅದೇ ಸೂಚನೆ. ಇದು ನಂಬಿಕೆಗೆ ಅರ್ಹವಾದ ಕ್ರಮವೇ ಸರಿ. ಆದರೆ ಇದಕ್ಕೆ ಡಾಂಬರಿನ ಗಟ್ಟಿ ರಸ್ತೆಯೂ ಬಿಡುವಿಲ್ಲದ ವಿದ್ಯುತ್ತೂ ಬೇಕು. ಬೇಸಗೆಯಲ್ಲಿ ಬಿರುಕು ಬಿಡುವ ಎರೆನೆಲದ ಬಂಡಿಜಾಡಿನಲ್ಲಿ ಹೂಳಿದ ತಂತಿ ಎಷ್ಟು ದಿನ ಉಳಿದೀತು?

ನಮ್ಮ ದಾರಿಗೆ ಹೊಂದುವುದು ಕಾಂತಮಾಪಕ. ಅದು ಏನನ್ನೂ ಹೊರಸೂಸುವುದಿಲ್ಲ. ಸದಾ ಇರುವ ಒಂದು ವಸ್ತುವಿನಲ್ಲಿ ಆಗುವ ಬದಲಾವಣೆಯನ್ನು ಮಾತ್ರ ಗಮನಿಸುತ್ತದೆ. ಆ ವಸ್ತು ಯಾವುದೆಂದರೆ ಭೂಮಿಯ ಕಾಂತಕ್ಷೇತ್ರ.

ಭೂಮಿಯೆಂಬ ಅಯಸ್ಕಾಂತ

ನಮ್ಮ ಪ್ರಾಂತದಲ್ಲಿ ಭೂಕಾಂತಕ್ಷೇತ್ರದ ಬಲವು ಸುಮಾರು 40 ಮೈಕ್ರೊಟೆಸ್ಲಾ. ಅದರ ದಿಕ್ಕು ಬಹುಮಟ್ಟಿಗೆ ನೆಲಕ್ಕೆ ಸಮಾಂತರವಾಗಿ ಉತ್ತರಾಭಿಮುಖವಾಗಿದೆ. ಟ್ರ್ಯಾಕ್ಟರಿನಂಥ ಉಕ್ಕಿನ ರಾಶಿಯು ಸಮೀಪಿಸಿದಾಗ ಕಾಂತರೇಖೆಗಳು ಅದರೊಳಗೆ ಸಾಗಲು ಬಾಗುತ್ತವೆ. ಹೊಳೆಯ ನಡುವಿನ ಬಂಡೆಯು ನೀರಿನ ಸೆಳೆತವನ್ನು ತಿರುಗಿಸುವಂತೆ, ವಾಹನವು ತನ್ನ ಸುತ್ತಲಿನ ಕ್ಷೇತ್ರವನ್ನು ತಿರುಚುತ್ತದೆ. ಹೊಳೆಯ ಬಂಡೆ ನೀರನ್ನು ದೂರ ಸರಿಸಿದರೆ ಉಕ್ಕು ಕಾಂತರೇಖೆಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ, ಅಷ್ಟೇ ಭೇದ.

ವಾಹನವೂ ಕಾಂತಮಾಪಕವೂ ಎದುರುಬದುರಾದ ಪ್ರಸಂಗವು ನಮಗೆ ಹೊಸದಲ್ಲ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಕಾಂತತ್ವವನ್ನು ಅಳೆಯುತ್ತಿದ್ದರು. ನಗರದಲ್ಲಿ ವಿದ್ಯುತ್ ಟ್ರಾಮುಗಳನ್ನು ಓಡಿಸುವ ಯೋಜನೆಯು ಬಂದಾಗ, ಅವುಗಳ ಪ್ರವಾಹದಿಂದ ಸೂಕ್ಷ್ಮವಾದ ಉಪಕರಣಗಳು ಕದಡಿಹೋಗುವುವೆಂಬ ಅಂಜಿಕೆ ಹುಟ್ಟಿತು. ವೀಕ್ಷಣಾಲಯದ ನಿರ್ದೇಶಕರಾಗಿದ್ದ ನಾನಾಭಾಯಿ ಮೂಸ್ ಅವರ ಕಾಲದಲ್ಲಿ, 1904ರಲ್ಲಿ, ಸಮುದ್ರದಾಚೆಯ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯವು ಏರ್ಪಟ್ಟಿತು. ಆಗ ನಮ್ಮ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳು ಅದೇ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯಲ್ಲಿದ್ದುವು. ಸವಣೂರು ನವಾಬರ ಸಂಸ್ಥಾನವಾಗಿತ್ತು. ಅಂದು ವಿಜ್ಞಾನಿಗಳು ಯಾವುದನ್ನು ತೊಂದರೆಯೆಂದು ಬಗೆದು ಓಡಿದರೋ ಅದನ್ನೇ ಇಂದು ನಾವು ಸೂಚನೆಯನ್ನಾಗಿ ಬಳಸಿಕೊಳ್ಳುತ್ತೇವೆ.

ಇದನ್ನು ನಂಬಲು ಯಾವ ಯಂತ್ರವೂ ಬೇಡ. ಪಾಠಶಾಲೆಯ ದಿಕ್ಸೂಚಿಯನ್ನು ದಾರಿಯಂಚಿನ ಕಲ್ಲಿನ ಮೇಲಿಟ್ಟು ಟ್ರ್ಯಾಕ್ಟರು ಹಾಯುವಾಗ ನೋಡಿರಿ. ವಾಹನದಿಂದ ಪೂರ್ವ–ಪಶ್ಚಿಮ ದಿಕ್ಕಿನಲ್ಲಿ 4 ಮೈಕ್ರೊಟೆಸ್ಲಾದಷ್ಟು ಕ್ಷೇತ್ರವು ಒದಗಿತೆಂದು ಭಾವಿಸೋಣ. 40ಕ್ಕೆ 4 ಎಂದರೆ ಹತ್ತರಲ್ಲೊಂದು, ಸ್ಪರ್ಶಕವು 0.1 ಆಗಿರುವ ಕೋನವು ಸುಮಾರು 6 ಡಿಗ್ರಿ. ಸೂಜಿಯು ಅಷ್ಟು ವಾಲುವುದನ್ನು ಬರಿಗಣ್ಣೇ ಕಾಣಬಲ್ಲದು.

ದೂರದ ನಿಯಮ

ಇಲ್ಲಿ ವಿದ್ಯಾರ್ಥಿಗಳು ಮರೆಯಬಾರದ ನಿಯಮವೊಂದಿದೆ. ವಾಹನವು ದೂರಕ್ಕೆ ಒಂದು ಪುಟ್ಟ ದಂಡಕಾಂತದಂತೆ ವರ್ತಿಸುತ್ತದೆ. ಅದರ ಪ್ರಭಾವವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುವುದು. 1.5 ಮೀಟರಿನಲ್ಲಿ 4 ಮೈಕ್ರೊಟೆಸ್ಲಾ ಇದ್ದರೆ, ದೂರವು ಇಮ್ಮಡಿಸಿ 3 ಮೀಟರಾದಾಗ ಅದು ಎಂಟನೆಯ ಒಂದು ಪಾಲಾಗಿ 0.5ಕ್ಕೆ ಇಳಿಯುವುದು, 6 ಮೀಟರಿನಲ್ಲಿ ಅರುವತ್ತನಾಲ್ಕನೆಯ ಒಂದು ಪಾಲು, ಎಂದರೆ ಸುಮಾರು 0.06. ಸಾಮಾನ್ಯವಾಗಿ ದೊರೆಯುವ ಮೂರು ಅಕ್ಷಗಳ ಕಾಂತಮಾಪಕ ಚಿಪ್ಪುಗಳು ಸುಮಾರು 0.2 ಮೈಕ್ರೊಟೆಸ್ಲಾದಷ್ಟು ವ್ಯತ್ಯಾಸವನ್ನು ಗುರುತಿಸಬಲ್ಲವು. 6 ಮೀಟರಿನ ಸೂಚನೆಯು ಅವಕ್ಕೆ ನಿಲುಕದು.

ಈ ನಿಯಮವು ಒಂದು ಕಡೆ ಕಟ್ಟುಪಾಡು, ಇನ್ನೊಂದು ಕಡೆ ವರ. ಸಂವೇದಕವನ್ನು ದಾರಿಯ ಅತ್ಯಂತ ಇಕ್ಕಟ್ಟಾದ ಸ್ಥಳದಲ್ಲಿಯೇ ನಿಲ್ಲಿಸಬೇಕು. ಯಾವ ವಾಹನವೂ ಅದರಿಂದ ಎರಡು ಮೀಟರಿಗಿಂತ ಆಚೆ ಸರಿಯುವಂತಿರಬಾರದು. ಇದು ಕಟ್ಟುಪಾಡು. ಹೆದ್ದಾರಿಯ ಮಗ್ಗುಲಿನ ಶಿಗ್ಗಾಂವಿಯ ಹೊಲಮನೆಗಳಲ್ಲಿ ಸದ್ದು, ಅದಿರುವಿಕೆಗಳನ್ನು ನಂಬಿದ ಸಂವೇದಕವು ಲಾರಿಗಳಿಂದ ಹುಚ್ಚೆದ್ದರೂ, ನಾಲ್ವತ್ತು ಮೀಟರಾಚೆ ಓಡುವ ಲಾರಿಯನ್ನು ಕಾಂತಮಾಪಕವು ಲೆಕ್ಕಕ್ಕೇ ತೆಗೆದುಕೊಳ್ಳದು. ಇದು ವರ. ಆದರೆ ಕಬ್ಬಿಣದ ಗೇಟಿನ ಬಗ್ಗೆ ಎಚ್ಚರ ಬೇಕು. ನಿಂತ ಕಬ್ಬಿಣದಿಂದ ಬಾಧೆಯಿಲ್ಲ. ತೆರೆದು ಮುಚ್ಚುವ ಗೇಟು ವಾಹನದಂತೆಯೇ ತೋರುವುದು. ಗೇಟಿನಿಂದ ಐದಾರು ಮೀಟರು ದೂರವಿರುವುದು ಕ್ಷೇಮ.

ಎಷ್ಟು ಮುಂಚೆ ಕೂಗಬೇಕು?

ಅಂಗಳದಿಂದ ಸಂವೇದಕವು ಎಷ್ಟು ದೂರದಲ್ಲಿರಬೇಕೆಂಬುದನ್ನು ಊಹೆಯಿಂದ ನಿರ್ಣಯಿಸಬಾರದು. ಮೊದಲು ಗಡಿಯಾರವನ್ನು ಹಿಡಿದು, ಅಂಗಳದ ನಡುವಿನಿಂದ ಮಕ್ಕಳನ್ನು ಜಗಲಿಗೆ ಸೇರಿಸಲು ಮನೆಯವರಿಗೆ ಎಷ್ಟು ಕಾಲ ಬೇಕೆಂಬುದನ್ನು ಅಳೆಯಬೇಕು. ಅಳತೆಯನ್ನು ಮನೆಯ ಚುರುಕಾದ ಹುಡುಗನಿಂದ ಮಾಡಿಸದೆ ಅಜ್ಜಿಯಿಂದಲೇ ಮಾಡಿಸಬೇಕು. ಅದು 10 ಸೆಕೆಂಡು ಎಂದಿಟ್ಟುಕೊಳ್ಳೋಣ. ಗಂಟೆಯನ್ನು ಕೇಳಿ ಎದ್ದುನಿಲ್ಲಲು 2 ಸೆಕೆಂಡು, ಉಪಕರಣದ ವಿಳಂಬಕ್ಕೆ 1 ಸೆಕೆಂಡು ಸೇರಿಸಿದರೆ 13 ಆಯಿತು. ಗಂಟೆಗೆ 18 ಕಿಲೋಮೀಟರು ವೇಗದ ಟ್ರ್ಯಾಕ್ಟರು ಸೆಕೆಂಡಿಗೆ 5 ಮೀಟರು ಸಾಗುವುದರಿಂದ 65 ಮೀಟರು ಬೇಕು. ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಬರುವ ವಾಹನಕ್ಕೆ 130 ಮೀಟರು! ದಾರಿಯು ಅಷ್ಟು ಉದ್ದವಿಲ್ಲದಿದ್ದರೆ ಸಂವೇದಕದ ಬಳಿ ಅಡ್ಡಲಾಗಿ ಮಣ್ಣಿನ ದಿಬ್ಬವನ್ನು ಹಾಕಿ ವೇಗವನ್ನು ತಗ್ಗಿಸಬೇಕು. ಒಂದು ಬುಟ್ಟಿ ಮಣ್ಣು ಮಾಡುವ ಉಪಕಾರವನ್ನು ಎಷ್ಟೋ ವೇಳೆ ಬೆಲೆಬಾಳುವ ಯಂತ್ರವೂ ಮಾಡಲಾರದು.

ಜೋಡಣೆ

ಕಾಂತಮಾಪಕವನ್ನೂ ಸಣ್ಣ ಮೈಕ್ರೊಕಂಟ್ರೋಲರನ್ನೂ ನೀರು ನುಗ್ಗದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ಹಿತ್ತಾಳೆಯ ತಿರುಪುಗಳಿಂದ ಬಿಗಿಯಬೇಕು. ಆಧಾರಕ್ಕೆ ಕಬ್ಬಿಣದ ಕೊಳವೆಗಿಂತ ನಮ್ಮ ಬೇಲಿಗಳಲ್ಲಿ ವಾಡಿಕೆಯಾಗಿರುವ ಗಿಡ್ಡನೆಯ ಕಲ್ಲಿನ ಕಂಬವೇ ಮೇಲು. ಗಾಳಿಗೆ ಅದು ಓಲಾಡದು. ಪ್ರೇಷಕವನ್ನು ಮಾತ್ರ ಕೆಳಗಿಡಬಾರದು. ಒದ್ದೆಯಾದ ನೆಲವೂ ಹಸುರೆಲೆಯೂ ರೇಡಿಯೊ ಅಲೆಗಳನ್ನು ಹೀರಿಕೊಳ್ಳುತ್ತವೆ. ಮೇ ತಿಂಗಳ ಬರಿಯ ಹೊಲದಲ್ಲಿ ಚೆನ್ನಾಗಿ ನಡೆದ ಉಪಕರಣವು ಆಗಸ್ಟ್ ತಿಂಗಳಲ್ಲಿ ಆಳೆತ್ತರದ ಮೆಕ್ಕೆಜೋಳವು ಮಳೆಗೆ ತೊಯ್ದು ನಿಂತಾಗ ಮೂಕವಾಗಬಹುದು. ಆದುದರಿಂದ ಪ್ರೇಷಕವನ್ನು ಬಿದಿರಿನ ಗಳುವಿನ ಮೇಲೆ ಎರಡೂವರೆ ಮೂರು ಮೀಟರು ಎತ್ತರದಲ್ಲಿರಿಸಿ, ಸಂವೇದಕಕ್ಕೆ ತಂತಿಯಿಂದ ಜೋಡಿಸಬೇಕು.

ರೇಡಿಯೊ ಆವೃತ್ತಿಯ ಆಯ್ಕೆಯಲ್ಲಿ ಕಾನೂನನ್ನು ಗಮನಿಸಬೇಕು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು, ನಿಯಮಿತ ಶಕ್ತಿಯ ಮಿತಿಯೊಳಗೆ, ಪರವಾನಗಿಯಿಲ್ಲದೆ ಬಳಸಬಹುದು. ಫಾಸ್ಟ್ಯಾಗ್ ಕೂಡ ಇದೇ ನೆರೆಯಲ್ಲಿದೆ. ಅಮೆರಿಕಕ್ಕಾಗಿ ತಯಾರಾದ 915 ಮೆಗಾಹರ್ಟ್ಸ್ ಉಪಕರಣಗಳನ್ನು ನಂಟರು ತಂದುಕೊಟ್ಟರೂ ಇಲ್ಲಿ ಬಳಸಬಾರದು. ಆ ನೆರೆಯ ಆವೃತ್ತಿಗಳು ನಮ್ಮಲ್ಲಿ ಮೊಬೈಲ್ ದೂರವಾಣಿಗೆ ಮೀಸಲಾಗಿವೆ. 866 ಮೆಗಾಹರ್ಟ್ಸ್ ಅಲೆಯ ಉದ್ದವು ಸುಮಾರು 35 ಸೆಂಟಿಮೀಟರು. ಅದರ ಕಾಲುಭಾಗದ, ಎಂದರೆ ಒಂಬತ್ತಕ್ಕೆ ತುಸು ಕಡಿಮೆ ಸೆಂಟಿಮೀಟರಿನ, ನೆಟ್ಟಗೆ ನಿಂತ ತಂತಿಯೇ ಆಂಟೆನವಾಗುವುದು. 1895ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ನಿಸ್ತಂತು ಅಲೆಗಳನ್ನು ಎರಡು ಗೋಡೆಗಳ ಮೂಲಕ ಹಾಯಿಸಿ, 23 ಮೀಟರು ದೂರದ ಗಂಟೆಯೊಂದನ್ನು ಬಾರಿಸಿ ತೋರಿಸಿದರು. ನಮ್ಮ ಅಂಗಳದ ಗಂಟೆಯು ಆ ಗಂಟೆಯ ವಂಶಕ್ಕೇ ಸೇರಿದ್ದು.

ಗ್ರಾಹಕವನ್ನು ಅಂಗಳದಲ್ಲಿ, ಕಾಳುಯಂತ್ರದಿಂದ ದೂರವಾಗಿ ಇರಿಸಬೇಕು. ಗಂಟೆಯ ಜೊತೆಗೆ ದೀಪವೂ ಇರಲಿ; ಕಿವಿಗೆ ಕೇಳಿಸದ್ದು ಕಣ್ಣಿಗಾದರೂ ಬೀಳುವುದು. ಸಂದೇಶದಲ್ಲಿ ಒಂದು ಗುರುತುಸಂಖ್ಯೆಯನ್ನು ಅಳವಡಿಸಿದರೆ ನೆರೆಯವರ ಪ್ರೇಷಕಕ್ಕೆ ನಮ್ಮ ಗಂಟೆ ಬಾರಿಸದು.

ಶಾಂತಸ್ಥಿತಿಯನ್ನು ಅರಿಯುವುದು

ಬದಲಾವಣೆಯನ್ನು ಗುರುತಿಸಬೇಕಾದರೆ ಬದಲಾಗದ ಸ್ಥಿತಿಯು ಮೊದಲು ತಿಳಿದಿರಬೇಕು. ಅದನ್ನು ನೆಲೆಮಟ್ಟವೆಂದು ಕರೆಯೋಣ. ಸಂವೇದಕವು ಸೆಕೆಂಡಿಗೆ 75 ಬಾರಿ ಅಳೆಯುವುದಾದರೆ, 15 ಅಳತೆಗಳ ಸರಾಸರಿಯನ್ನು ತೆಗೆಯಬೇಕು. ಅದಕ್ಕೆ ತಗಲುವ ಕಾಲ 0.2 ಸೆಕೆಂಡು. ಪಂಪುಸೆಟ್ಟಿನ ತಂತಿಗಳಲ್ಲಿ ಹರಿಯುವ 50 ಹರ್ಟ್ಸ್ ಪ್ರವಾಹವು ಅಷ್ಟರಲ್ಲಿ ಸರಿಯಾಗಿ 10 ಆವರ್ತಗಳನ್ನು ಮುಗಿಸುವುದರಿಂದ, ಅದರ ಕ್ಷೇತ್ರವು ಸರಾಸರಿಯಲ್ಲಿ ತನ್ನನ್ನು ತಾನೇ ಅಳಿಸಿಕೊಳ್ಳುವುದು. 4 ಮೀಟರು ಉದ್ದದ ಕಾರು ಸೆಕೆಂಡಿಗೆ 5 ಮೀಟರಿನಂತೆ ಹಾಯಲು 0.8 ಸೆಕೆಂಡು ಹಿಡಿಯುವುದು; ಅಷ್ಟರಲ್ಲಿ ನಾಲ್ಕು ಸರಾಸರಿಗಳು ನಮಗೆ ದೊರೆಯುತ್ತವೆ.

ಇಲ್ಲಿ ನಮ್ಮ ಸೀಮೆಯ ಮಣ್ಣಿನ ಸ್ವಭಾವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸವಣೂರಿನ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ. ಅದರಲ್ಲಿ ನೆಟ್ಟ ಕಂಬವು ಕಣ್ಣಿಗೆ ಕಾಣದಂತೆ ವಾಲುವುದು. ಕಂಬವು ಒಂದೇ ಡಿಗ್ರಿ ವಾಲಿದರೂ ಅಕ್ಷವೊಂದರ ಅಳತೆಯು 0.7 ಮೈಕ್ರೊಟೆಸ್ಲಾದಷ್ಟು ಬದಲಾಗಬಹುದು. ಅದು ದೂರದಲ್ಲಿ ಹಾಯುವ ವಾಹನದ ಸೂಚನೆಗೆ ಸಮ! ಹಾಗಾದರೆ ಇವೆರಡನ್ನೂ ಬೇರ್ಪಡಿಸುವುದು ಹೇಗೆ? ಮಣ್ಣು ವಾರಗಟ್ಟಲೆ ತೆಗೆದುಕೊಳ್ಳುವ ಬದಲಾವಣೆಯನ್ನು ವಾಹನವು ಒಂದು ಸೆಕೆಂಡಿನಲ್ಲಿ ಮಾಡುತ್ತದೆ. ಆದುದರಿಂದ ನೆಲೆಮಟ್ಟವು ಪ್ರತಿ ಸೆಕೆಂಡಿಗೆ ಹೊಸ ಅಳತೆಯತ್ತ ನೂರರಲ್ಲೊಂದು ಪಾಲು ಮಾತ್ರ ಸರಿಯುವಂತೆ ಏರ್ಪಡಿಸಿದರೆ, ಅದು ಮಣ್ಣನ್ನು ಹಿಂಬಾಲಿಸುವುದು, ವಾಹನವನ್ನು ಹಿಂಬಾಲಿಸದು. ವಾಹನವು ಬಳಿಯಲ್ಲಿಯೇ ನಿಂತಿರುವಾಗ ನೆಲೆಮಟ್ಟವನ್ನು ಹತ್ತು ನಿಮಿಷಗಳವರೆಗೆ ತಡೆಹಿಡಿಯಬೇಕು. ಇಲ್ಲವಾದರೆ ನಿಂತ ಟ್ರ್ಯಾಕ್ಟರೇ ಶಾಂತಸ್ಥಿತಿಯೆಂದು ಬಗೆದು, ಅದು ಹೊರಟ ಮೇಲೆ ಸಂವೇದಕವು ಸುಳ್ಳುಕೂಗು ಹಾಕುವುದು. ಮೈಯುಜ್ಜಲು ಬರುವ ಎಮ್ಮೆಯಾದರೋ ಕಂಬವನ್ನು ಕ್ಷಣದಲ್ಲಿಯೇ ಅಲುಗಿಸುವುದು. ಅದಕ್ಕೆ ಗಣಿತದ ಪರಿಹಾರವಿಲ್ಲ. ಕಂಬದ ಸುತ್ತ ಮುಳ್ಳುಕಂಟಿಯನ್ನು ಕಟ್ಟಬೇಕು.

ಹೊಸ್ತಿಲು

ಎಷ್ಟು ಬದಲಾವಣೆಯಾದರೆ ಗಂಟೆ ಬಾರಿಸಬೇಕು? ಆ ಮಿತಿಗೆ ಹೊಸ್ತಿಲೆಂದು ಹೆಸರಿಡಬಹುದು. ಹೊಸ್ತಿಲು ತಗ್ಗಾದರೆ ಸುಳ್ಳುಕೂಗು ಹೆಚ್ಚುವುದು. ಎತ್ತರವಾದರೆ ವಾಹನವೇ ತಪ್ಪಿಹೋಗುವುದು. ಎರಡನ್ನೂ ಸಂಪೂರ್ಣವಾಗಿ ಇಲ್ಲವಾಗಿಸುವ ಹೊಸ್ತಿಲು ಇರಲೇಬೇಕೆಂಬ ನಿಯಮವಿಲ್ಲ. ಆದುದರಿಂದ ಒಂದು ವಾರ ಗಂಟೆಯನ್ನು ಬಿಚ್ಚಿಟ್ಟು, ಬರಿಯ ಅಳತೆಗಳನ್ನು ಬರೆದಿಡಬೇಕು. ದಾರಿಯಲ್ಲಿ ಹಾದದ್ದನ್ನೆಲ್ಲ ಪಕ್ಕದಲ್ಲಿ ಗುರುತು ಹಾಕಬೇಕು: ಟ್ರ್ಯಾಕ್ಟರು, ಕಾರು, ಮೋಟರ್ ಸೈಕಲ್ಲು, ಕಬ್ಬಿಣದ ಹಳಿಯ ಚಕ್ಕಡಿ, ದನ, ಸಲಿಕೆ ಹೊತ್ತ ಆಳು. ಶಾಂತಕಾಲದ ಕದಲಿಕೆಯು 0.2ರೊಳಗಿದ್ದು, ಅತಿ ಸಣ್ಣ ವಾಹನದ ಸೂಚನೆಯು 1.5 ಇದ್ದರೆ, 0.7ರ ಸುತ್ತಮುತ್ತ ಹೊಸ್ತಿಲನ್ನು ನಿಲ್ಲಿಸಬಹುದು. ಒಂದಾದ ಮೇಲೊಂದು ಎರಡು ಸರಾಸರಿಗಳು ಹೊಸ್ತಿಲನ್ನು ದಾಟಿದಾಗ ಮಾತ್ರ ಕೂಗಬೇಕೆಂಬ ಕಟ್ಟಳೆಯು ಇನ್ನೂ ಕ್ಷೇಮ.

ದಿನಕ್ಕೆ ಹತ್ತು ಬಾರಿ ಸುಳ್ಳು ಕೂಗುವ ಗಂಟೆಯನ್ನು ಮನೆಯವರು ಮೂರನೆಯ ದಿನ ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ. ನಾಲ್ಕನೆಯ ದಿನ ಯಾರೋ ಅದರ ತಂತಿಯನ್ನು ಕಿತ್ತಿಡುತ್ತಾರೆ. ತೋಳ ಬಂತೆಂದು ಕೂಗಿದ ಹುಡುಗನ ಕಥೆಯು ಯಂತ್ರಗಳಿಗೂ ಸಲ್ಲುವುದು.

ಮೌನದ ಅರ್ಥ

ಆದರೆ ಇದಕ್ಕಿಂತ ಹಿರಿದಾದ ಅಪಾಯವೊಂದು ಉಳಿದಿದೆ. ಗಂಟೆಯು ಸುಮ್ಮನಿದೆ. ದಾರಿಯಲ್ಲಿ ವಾಹನವಿಲ್ಲವೆಂದು ಇದರ ಅರ್ಥವೋ, ವಿದ್ಯುತ್ಕೋಶವು ಬರಿದಾಗಿದೆಯೆಂದು ಅರ್ಥವೋ? ಎರಡು ಮೌನಗಳೂ ಒಂದೇ ತೆರನಾಗಿವೆ. ಕಾವಲುಗಾರನಿದ್ದಾನೆಂದು ನಂಬಿ ಮಕ್ಕಳನ್ನು ಅಂಗಳದಲ್ಲಿ ಬಿಟ್ಟ ಮನೆಯು, ಕಾವಲುಗಾರನೇ ಇಲ್ಲದ ಮನೆಗಿಂತ ಹೆಚ್ಚಿನ ಅಪಾಯದಲ್ಲಿರುವುದು.

ಇದಕ್ಕೆ ಪರಿಹಾರವೆಂದರೆ, ಸಂವೇದಕವು ವಾಹನ ಬಂದಾಗಲಷ್ಟೇ ಅಲ್ಲದೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ‘ನಾನು ಎಚ್ಚರವಾಗಿದ್ದೇನೆ’ ಎಂಬ ಕ್ಷೇಮವಾರ್ತೆಯನ್ನು ಕಳುಹಬೇಕು. ಎರಡು ವಾರ್ತೆಗಳು ತಪ್ಪಿದರೆ ಗ್ರಾಹಕದಲ್ಲಿ ಕೆಂಪುದೀಪವು ಹೊತ್ತಬೇಕು. ಇದರಿಂದ ವಿದ್ಯುತ್ಕೋಶವು ಬೇಗ ಮುಗಿಯುವುದೆಂಬ ಸಂದೇಹಕ್ಕೆ ಲೆಕ್ಕವೇ ಉತ್ತರ. ಪ್ರೇಷಕವು ಒಮ್ಮೆ ಮಾತಾಡಲು 40 ಮಿಲಿಆಂಪಿಯರನ್ನು 0.1 ಸೆಕೆಂಡು ಬಳಸುವುದೆಂದು ಹಿಡಿದರೆ, ದಿನದ 144 ವಾರ್ತೆಗಳಿಗೆ ಒಟ್ಟು 0.16 ಮಿಲಿಆಂಪಿಯರ್–ಗಂಟೆ ಸಾಕು. ಸಂವೇದಕವು ಎಡೆಬಿಡದೆ ಅಳೆಯುತ್ತ ಕಾಯಲು ಸರಾಸರಿ 1 ಮಿಲಿಆಂಪಿಯರ್ ಬೇಕಾದರೆ ದಿನಕ್ಕೆ 24 ಆಯಿತು. 2,000 ಮಿಲಿಆಂಪಿಯರ್–ಗಂಟೆಯ ಕೋಶವು ಈ ಲೆಕ್ಕದಲ್ಲಿ ಸುಮಾರು 80 ದಿನ ಬಾಳುವುದು. ಶಕ್ತಿಯೆಲ್ಲ ವೆಚ್ಚವಾಗುವುದು ಕಾಯುವುದರಲ್ಲಿ, ಮಾತಿನಲ್ಲಲ್ಲ. ಕ್ಷೇಮವಾರ್ತೆಗೆ ಜಿಪುಣತನ ತೋರಲು ಕಾರಣವೇ ಇಲ್ಲ.

ಕೊನೆಯದಾಗಿ ಒಂದು ಮಾತು. ಈ ಉಪಕರಣವು ದಾರಿಯನ್ನು ಕಾಯುವುದೇ ಹೊರತು ಅಂಗಳವನ್ನಲ್ಲ. ಒಳಗೆ ಬಂದು ನಿಂತ ಟ್ರ್ಯಾಕ್ಟರು ಮತ್ತೆ ಹಿಂದಕ್ಕೆ ಚಲಿಸುವುದನ್ನು ಅದು ಅರಿಯದು. ಚಾಲಕನು ಇಳಿದು ಟ್ರೇಲರಿನ ಸುತ್ತ ಒಮ್ಮೆ ನಡೆದು ನೋಡುವ ಅಭ್ಯಾಸಕ್ಕೆ ಬದಲಿಯಾದ ಯಾವ ಚಿಪ್ಪೂ ಇದರಲ್ಲಿಲ್ಲ. ಹದಿಮೂರು ಸೆಕೆಂಡುಗಳನ್ನು ಅದು ನಮ್ಮ ಕೈಗೆ ಕೊಡುವುದು. ಮಗುವನ್ನು ಎತ್ತಿಕೊಳ್ಳುವ ಕೈ ಮಾತ್ರ ಮನೆಯವರದೇ.

ಅಭ್ಯಾಸ

1. ದಿಕ್ಸೂಚಿಯಿಂದ 20, 40, 80 ಸೆಂಟಿಮೀಟರು ದೂರಗಳಲ್ಲಿ ಒಂದು ಸಣ್ಣ ದಂಡಕಾಂತವನ್ನು ಪೂರ್ವ–ಪಶ್ಚಿಮವಾಗಿ ಇಟ್ಟು, ಸೂಜಿಯ ಕೋನದ ಸ್ಪರ್ಶಕವನ್ನು ಲೆಕ್ಕಹಾಕಿರಿ. ಘನನಿಯಮವು ಎಲ್ಲಿಂದ ಮುಂದೆ ಸರಿಹೊಂದುತ್ತದೆ? ಹತ್ತಿರದಲ್ಲಿ ಏಕೆ ಹೊಂದುವುದಿಲ್ಲ?

2. ನಿಮ್ಮ ಮನೆಯ ದಾರಿಯ ಉದ್ದ, ವಾಹನಗಳ ವೇಗ, ಅಂಗಳವನ್ನು ತೆರವು ಮಾಡಲು ಬೇಕಾದ ಕಾಲ, ಇವನ್ನು ಅಳೆದು ಸಂವೇದಕದ ಸ್ಥಳವನ್ನು ನಿರ್ಣಯಿಸಿರಿ.

3. ಒಂದೇ ದಾರಿಯಲ್ಲಿ ಎರಡು ಮೀಟರು ಅಂತರದಲ್ಲಿ ಎರಡು ಸಂವೇದಕಗಳನ್ನು ನಿಲ್ಲಿಸಿದರೆ ವಾಹನವು ಬರುತ್ತಿದೆಯೋ ಹೋಗುತ್ತಿದೆಯೋ ಎಂಬುದನ್ನೂ ಅದರ ವೇಗವನ್ನೂ ಹೇಗೆ ತಿಳಿಯಬಹುದು? ಯೋಚಿಸಿರಿ.